ವೀರಗಲ್ಲಿನಲ್ಲಿ ಜಾಗ ಸಿಗದ ಸಿಸ್ಟರ್

ಸೊರಬ ಸೀಮೆಯ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೋ, ಈಶ್ವರ ಗುಡಿಯ ಹಿಂದೆಯೋ, ತೋಟದ ಬೇಲಿಯ ಮಗ್ಗುಲಲ್ಲೋ ಒಂದು ವೀರಗಲ್ಲು ಕಣ್ಣಿಗೆ ಬೀಳುತ್ತದೆ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಮಾತೂ ಇದೇ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳನ್ನೂ 8ನೇ ಸಂಪುಟದಲ್ಲಿ ಸೊರಬದ ಶಾಸನಗಳನ್ನೂ ಅಚ್ಚು ಹಾಕಿಸಿದರು. ಆ ಸಂಪುಟಗಳ ಪುಟ ತಿರುವಿದರೆ ತುರು ಕಾಯಲು ಹೋಗಿ ಸತ್ತವರು, ಊರಿಗೆ ನುಗ್ಗಿದವರನ್ನು ತಡೆದು ಸತ್ತವರು, ಹೆಣ್ಣುಮಕ್ಕಳ ಮಾನ ಉಳಿಸಲು ಹೋಗಿ ಸತ್ತವರು ಒಬ್ಬರ ಹಿಂದೊಬ್ಬರು ಎದ್ದು ಬರುತ್ತಾರೆ. ಅವರಲ್ಲಿ ಅನೇಕರು ಅರಸು ಮಕ್ಕಳಲ್ಲ, ಊರಿನ ಸಾಮಾನ್ಯರು. ಸಾಮಾನ್ಯನ ಸಾವಿಗೂ ಕಲ್ಲು ನಿಲ್ಲಿಸಿದ ನೆಲ ನಮ್ಮದು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಬಿದ್ದವರ ಮೇಲೆ ಕಾಲಿಟ್ಟು ನಿಂತ ವೀರ. ನಡುವಿನ ಪಟ್ಟಿಕೆಯಲ್ಲಿ ಎಡಬಲಕ್ಕೆ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ನೆತ್ತಿಯ ಮೇಲೆ ಸೂರ್ಯ ಚಂದ್ರ. ಮೂರು ಪಟ್ಟಿಕೆಯಲ್ಲಿ ಕಥೆ ಮುಗಿಯುತ್ತದೆ.

ಆದರೆ ನಿಜವಾದ ಯುದ್ಧದಲ್ಲಿ ಮೊದಲ ಪಟ್ಟಿಕೆಗೂ ಎರಡನೆಯದಕ್ಕೂ ನಡುವೆ ಬಹಳ ಹೊತ್ತು ಇರುತ್ತದೆ. ಗುಂಡು ಬಿದ್ದವನು ಅಲ್ಲೇ ಸಾಯುವುದಕ್ಕಿಂತ ಗಾಯಗೊಂಡು ಬಿದ್ದಿರುವುದೇ ಹೆಚ್ಚು. ರಕ್ತ ಸೋರುತ್ತದೆ, ಬಾಯಾರುತ್ತದೆ, ಜ್ವರ ಏರುತ್ತದೆ, ಗಾಯ ಕೀವಾಗುತ್ತದೆ. ಅವನ ರಾತ್ರಿಗಳು ಉದ್ದವಾಗುತ್ತವೆ. ಆ ರಾತ್ರಿಗಳಿಗೆ ನಮ್ಮ ಕಲ್ಲಿನಲ್ಲಿ ಪಟ್ಟಿಕೆ ಇಲ್ಲ. ಆ ರಾತ್ರಿಗಳಲ್ಲಿ ಅವನ ಪಕ್ಕ ಎಚ್ಚರವಾಗಿ ಕೂತವಳಿಗೂ ಇಲ್ಲ. ಬಂದಳಿಕೆಯ ಶಾಸನದಲ್ಲಿ ಗಂಡನ ನಂತರ ನಾಳ್ಗಾವುಂಡತನ, ಅಂದರೆ ನಾಡಿನ ಆಡಳಿತ, ನಡೆಸಿದ ಜಕ್ಕಿಯಬ್ಬೆಯಂಥ ಹೆಂಗಸಿನ ಹೆಸರು ಉಳಿದಿದೆ ನಿಜ. ಆದರೆ ಯುದ್ಧದ ಕಲ್ಲುಗಳಲ್ಲಿ ಹೆಣ್ಣಿಗೆ ಸಿಕ್ಕ ಜಾಗ ಬಹುಪಾಲು ಎರಡೇ: ಸತ್ತವನನ್ನು ಕೊಂಡೊಯ್ಯುವ ಅಪ್ಸರೆಯಾಗಿ, ಇಲ್ಲವೇ ಅವನ ಹಿಂದೆಯೇ ಸಾಯುವ ಮಾಸ್ತಿಯಾಗಿ. ಸಾಯಲಿರುವವನನ್ನು ಬದುಕಿಸುವ ಹೆಣ್ಣನ್ನು ನಾನು ಯಾವ ವೀರಗಲ್ಲಿನಲ್ಲೂ ಕಂಡಿಲ್ಲ.

ಈ ಕೊರತೆ ನನಗೆ ಹೊಳೆದದ್ದು ಪುಸ್ತಕ ಓದಿ ಅಲ್ಲ, ನನ್ನ ಸೋದರಮಾವನ ಮಾತಿನಿಂದ. ಆನವಟ್ಟಿ ಕಡೆಯ ಒಂದು ಹಳ್ಳಿಯವರು ಅವರು. ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ತರಬೇತಿ ಪಡೆದು 1971ರ ಯುದ್ಧದ ಹೊತ್ತಿಗೆ ಪಶ್ಚಿಮದ ಗಡಿಯಲ್ಲಿದ್ದರು. ನೆಲದಲ್ಲಿ ಹೂತಿಟ್ಟ ಮೈನ್ ತೆಗೆಯುವುದು ಅವರ ತುಕಡಿಯ ಕೆಲಸ. ಒಂದು ಮೈನ್ ಅವರ ಎಡಪಾದವನ್ನು ಒಯ್ದಿತು. ಬಲಗೈಗೂ ಚೂರು ತಗುಲಿತ್ತು. ಮುಂದೆ ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಕಾಲು ಹಾಕಿಸಿಕೊಂಡು ಊರಿಗೆ ಬಂದರು, ಗದ್ದೆ ಮಾಡಿದರು, ಮಕ್ಕಳನ್ನು ಓದಿಸಿದರು, ಎಪ್ಪತ್ತು ದಾಟಿ ಬದುಕಿದರು.

ಊರ ಕೆರೆಯ ಹತ್ತಿರದ ವೀರಗಲ್ಲಿನ ಮುಂದೆ ಒಮ್ಮೆ ಇಬ್ಬರೂ ಕೂತಿದ್ದೆವು. ನಡುವಿನ ಪಟ್ಟಿಕೆಯ ಮೇಲೆ ಬೆರಳಾಡಿಸುತ್ತ ಮಾವ ಹೇಳಿದರು: “ನೋಡೋ ತಮ್ಮಾ, ಇವರು ಬಂದಿದ್ರೆ ನಾನು ಸ್ವರ್ಗಕ್ಕೆ ಹೋಗ್ತಿದ್ದೆ. ಸಿಸ್ಟರ್ ಬಂದ್ರು, ಅದಕ್ಕೆ ಆನವಟ್ಟಿಗೆ ಬಂದೆ.”

ಆ ಸಿಸ್ಟರ್ ಯಾರು? ಮಾವನಿಗೆ ಹೆಸರು ಗೊತ್ತಿರಲಿಲ್ಲ. ಮಲಯಾಳಿ, ಮೂವತ್ತರ ಆಸುಪಾಸು, ಹೆಗಲ ಮೇಲೆ ಸ್ಟಾರ್ ಇತ್ತು ಅನ್ನುವಷ್ಟೇ ನೆನಪು. ರಾತ್ರಿ ಪಾಳಿಯಲ್ಲಿ ಬ್ಯಾಟರಿ ಹಿಡಿದು ಬಂದು ಹೊದಿಕೆ ಎತ್ತಿ ಬ್ಯಾಂಡೇಜಿನಲ್ಲಿ ಹೊಸ ರಕ್ತ ಇಳಿದಿದೆಯೇ ಎಂದು ನೋಡುತ್ತಿದ್ದರಂತೆ. ಇಲ್ಲದ ಪಾದದಲ್ಲಿ ಬೆರಳು ಉರಿಯುತ್ತಿದೆ ಎಂದು ಮಾವ ಅತ್ತಾಗ, ಕಾಲೇ ಇಲ್ಲವಲ್ಲ ಎಂದು ಬೈಯಲಿಲ್ಲವಂತೆ. ಆ ನೋವು ಸುಳ್ಳಲ್ಲ, ಕಾಲು ಹೋದ ಸುದ್ದಿ ಮೆದುಳಿಗೆ ಇನ್ನೂ ಮುಟ್ಟಿಲ್ಲ, ನಿಧಾನಕ್ಕೆ ಮುಟ್ಟುತ್ತದೆ ಎಂದು ಹರಕು ಹಿಂದಿಯಲ್ಲಿ ತಿಳಿಸಿ ಹೇಳಿದರಂತೆ.

ಕೈಗೆ ಗಾಯವಾಗಿದ್ದರಿಂದ ಮಾವನಿಗೆ ಬರೆಯಲು ಬರುತ್ತಿರಲಿಲ್ಲ. ಸಿಸ್ಟರ್‌ಗೆ ಕನ್ನಡ ಬಾರದು. ಅವರು ಇಂಗ್ಲಿಷಿನಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಬರೆದರು. ಊರಿನ ಮೇಷ್ಟ್ರು ಅದನ್ನು ನನ್ನ ಅಜ್ಜಿಗೆ ಜಗಲಿಯ ಮೇಲೆ ಕೂತು ಕನ್ನಡದಲ್ಲಿ ಓದಿ ಹೇಳಿದರು. ನಿಮ್ಮ ಮಗನ ಕಾಲಿಗೆ ಪೆಟ್ಟಾಗಿದೆ, ಊಟ ಸೇರುತ್ತಿದೆ, ನಿನ್ನೆ ರಾತ್ರಿ ನಿದ್ದೆ ಮಾಡಿದ್ದಾನೆ, ನೀವು ಧೈರ್ಯವಾಗಿರಿ. ಪಾದ ಹೋಗಿದೆ ಎಂದು ಅದರಲ್ಲಿ ಬರೆದಿರಲಿಲ್ಲ. ಆ ಮಾತನ್ನು ತಾಯಿಗೆ ಮಗನೇ ಹೇಳಲಿ ಎಂದು ಬಿಟ್ಟಿರಬೇಕು. ಕಾಗದದ ಕೊನೆಗೆ ಸಹಿಯ ಜಾಗದಲ್ಲಿ ಹೆಸರಿಲ್ಲ. ‘ವಾರ್ಡ್ ಸಿಸ್ಟರ್’ ಎಂದಷ್ಟೇ ಇದೆ. ಅಜ್ಜಿ ಆ ಕಾಗದವನ್ನು ಸೀರೆ ಇಡುವ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು. ಅದು ಈಗಲೂ ನಮ್ಮ ಮನೆಯಲ್ಲಿದೆ.

ಸೈನ್ಯದ ದಾದಿಯ ಕೆಲಸ ಎಲ್ಲಿ ಶುರುವಾಗುತ್ತದೆ ಎಂಬುದು ನಮ್ಮ ಕಡೆಯವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಶಿಕಾರಿಪುರದಲ್ಲಿ ಅಪಘಾತವಾದರೆ ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್, ಅಲ್ಲೂ ಆಗದಿದ್ದರೆ ಮಣಿಪಾಲ ಅಥವಾ ಬೆಂಗಳೂರು. ಸೈನ್ಯದಲ್ಲೂ ಇಂಥದೇ ಸರಪಳಿ ಇದೆ. ಗಾಯಾಳು ಬಿದ್ದ ಜಾಗದ ಸಮೀಪದಲ್ಲೇ ರೆಜಿಮೆಂಟಿನ ವೈದ್ಯರ ಪುಟ್ಟ ನೆಲೆ. ಅದರ ಹಿಂದೆ ಡ್ರೆಸ್ಸಿಂಗ್ ಸ್ಟೇಷನ್. ಅದರ ಹಿಂದೆ ಶಸ್ತ್ರಚಿಕಿತ್ಸೆ ಮಾಡಬಲ್ಲ ಫೀಲ್ಡ್ ಆಸ್ಪತ್ರೆ. ಆಮೇಲೆ ಬೇಸ್ ಆಸ್ಪತ್ರೆ, ಕಮಾಂಡ್ ಆಸ್ಪತ್ರೆ. ಕೊನೆಗೆ ಪುಣೆಯ ಕೃತಕ ಅಂಗ ಕೇಂದ್ರ ಅಥವಾ ಬೆನ್ನುಹುರಿ ಮುರಿದವರಿಗಾಗಿ ಖಡಕಿಯಲ್ಲಿರುವ ಪುನರ್ವಸತಿ ಕೇಂದ್ರ. ಈ ಸರಪಳಿಯ ಆಸ್ಪತ್ರೆಗಳಲ್ಲೆಲ್ಲ ಗಾಯಾಳುವಿನ ಹತ್ತಿರ ಹೆಚ್ಚು ಹೊತ್ತು ಇರುವವರು ದಾದಿಯರು. ಸರ್ಜನ್ ಒಂದು ಗಂಟೆ ಕತ್ತರಿ ಹಿಡಿದರೆ, ಆಮೇಲಿನ ಇಪ್ಪತ್ಮೂರು ಗಂಟೆ ಅವರದು.

ಒಂದು ರಾತ್ರಿಯ ಪಾಳಿಯನ್ನು ಹತ್ತಿರದಿಂದ ನೋಡಿ. ಹೆಲಿಕಾಪ್ಟರ್ ಇಳಿಯುತ್ತದೆ, ಆರು ಸ್ಟ್ರೆಚರ್ ಒಮ್ಮೆಗೇ ಒಳಗೆ ಬರುತ್ತವೆ. ಮೊದಲು ಯಾರನ್ನು ನೋಡಬೇಕು? ಜೋರಾಗಿ ಕಿರುಚುವವನಿಗೆ ಉಸಿರಾದರೂ ಇದೆ. ಸದ್ದಿಲ್ಲದೆ ಬೆಳ್ಳಗಾಗಿ ಮಲಗಿದವನೇ ಹೆಚ್ಚು ಅಪಾಯದಲ್ಲಿರುತ್ತಾನೆ. ಅವನ ಹಣೆಯ ಮೇಲೆ ಮಸಿಯಲ್ಲಿ ಒಂದು ಗುರುತು, ಪಕ್ಕದಲ್ಲಿ ಸಮಯ. ರಕ್ತ ನಿಲ್ಲಿಸಲು ತೊಡೆಗೆ ಬಿಗಿದ ಪಟ್ಟಿಯನ್ನು ಎಷ್ಟು ಗಂಟೆಗೆ ಕಟ್ಟಲಾಯಿತು ಎಂಬ ಲೆಕ್ಕ ಅದು. ಹೆಚ್ಚು ಹೊತ್ತು ಹಾಗೇ ಬಿಟ್ಟರೆ ಕಾಲು ಸಾಯುತ್ತದೆ, ದುಡುಕಿ ಬಿಚ್ಚಿದರೆ ಮನುಷ್ಯ ಸಾಯುತ್ತಾನೆ. ದಾದಿ ಮೊದಲು ಆ ಸಮಯ ಓದುತ್ತಾಳೆ. ಉಸಿರಿನ ದಾರಿ ನೋಡುತ್ತಾಳೆ, ನಾಡಿ ಹಿಡಿಯುತ್ತಾಳೆ, ಕುಸಿದುಹೋದ ರಕ್ತನಾಳ ಹುಡುಕಿ ಡ್ರಿಪ್ ಹಾಕುತ್ತಾಳೆ, ಬಟ್ಟೆ ಕತ್ತರಿಸಿ ಬೆನ್ನ ಕಡೆಯ ಗಾಯ ನೋಡುತ್ತಾಳೆ. ಸಾಮಾನ್ಯವಾಗಿ ಗುಂಡು ಹೊಕ್ಕ ತೂತು ಚಿಕ್ಕದು, ಹೊರಬಂದ ತೂತು ದೊಡ್ಡದು. ಅದು ಮರೆಯಲ್ಲಿರುತ್ತದೆ.

ಹಿಮದಿಂದ ಬಂದವನ ಬೆರಳು ಕಪ್ಪಾಗಿದ್ದರೆ ಅದನ್ನು ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಮೈಯ ಬಿಸಿಗಿಂತ ಸ್ವಲ್ಪವೇ ಹೆಚ್ಚಿನ ಹದವಾದ ನೀರಿನಲ್ಲಿ ಇಟ್ಟು ಕಾಯಬೇಕು. ರಕ್ತ ಮರಳುವಾಗಿನ ನೋವಿಗೆ ಗಟ್ಟಿಮುಟ್ಟಾದ ಜವಾನನೂ ಮಗುವಿನಂತೆ ಅಳುತ್ತಾನೆ, ಅವನ ಕೈ ಹಿಡಿದಿರಬೇಕು. ಸೊಂಟದ ಕೆಳಗೆ ಸ್ವಾಧೀನ ತಪ್ಪಿದವನನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಂದು ರಾತ್ರಿ ತಪ್ಪಿದರೆ ಬೆನ್ನಿನಲ್ಲಿ ಹಾಸಿಗೆ ಹುಣ್ಣು, ಹುಣ್ಣಿನಿಂದ ನಂಜು, ನಂಜಿನಿಂದ ಸಾವು. ಗುಂಡಿಗೆ ಸಾಯದವನು ಹುಣ್ಣಿಗೆ ಸಾಯಬಾರದು. ಇದನ್ನೆಲ್ಲ ಮಾಡುತ್ತ ಅವಳು ಮುಖದ ಮೇಲೆ ಗಾಬರಿ ತೋರಿಸಬಾರದು, ಏಕೆಂದರೆ ಗಾಯಾಳು ತನ್ನ ಗಾಯವನ್ನು ನೋಡುವುದಿಲ್ಲ, ದಾದಿಯ ಮುಖ ನೋಡುತ್ತಾನೆ.

ಈ ವಿದ್ಯೆಗೆ ಯುದ್ಧದಲ್ಲಿ ಗೌರವ ತಂದುಕೊಟ್ಟವರು ಫ್ಲಾರೆನ್ಸ್ ನೈಟಿಂಗೇಲ್. 1854ರಲ್ಲಿ 38 ದಾದಿಯರೊಂದಿಗೆ ಅವರು ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿಯ ಆಸ್ಪತ್ರೆಗೆ ಹೋದಾಗ ಅಲ್ಲಿ ಗಾಯಕ್ಕಿಂತ ಕಾಲರಾ, ಭೇದಿ, ವಿಷಮಜ್ವರಗಳಿಗೆ ಸಾಯುವವರೇ ಹೆಚ್ಚಾಗಿದ್ದರು. ಸೊರಬದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ಊರಿನ ಹೆಸರೇ ಅಂಟಿಕೊಂಡಿದೆ. ಕಣ್ಣಿಗೆ ಕಾಣದ ಶತ್ರು ಏನು ಮಾಡಬಲ್ಲ ಎಂಬುದು ಅವರಿಗೆ ಗೊತ್ತು. ಕ್ರಿಮಿಯಾದಲ್ಲೇ ನೈಟಿಂಗೇಲ್‌ಗೂ ಜ್ವರ ತಗುಲಿತು, ಆಮೇಲೆ ಎಷ್ಟೋ ವರ್ಷ ಆ ನಿತ್ರಾಣ ಅವರನ್ನು ಬಿಡಲಿಲ್ಲ. ಯುದ್ಧಕ್ಕೆ ಹೋದ ದಾದಿ ಜೀವಂತ ಮರಳಿದರೂ ಇಡಿಯಾಗಿ ಮರಳುವುದಿಲ್ಲ ಎಂಬುದಕ್ಕೆ ಅವರೇ ಸಾಕ್ಷಿ.

ನಮ್ಮ ದೇಶದಲ್ಲಿ ಸೇನಾ ದಾದಿಯರ ಕಥೆ 1888ರ ಮಾರ್ಚ್ 28ಕ್ಕೆ ಶುರುವಾಗುತ್ತದೆ. ಅಂದು ಕ್ಯಾಥರೀನ್ ಗ್ರೇಸ್ ಲಾಕ್ ಮೊದಲಾದ ಹತ್ತು ಮಂದಿ ತರಬೇತಾದ ದಾದಿಯರು ಬೊಂಬಾಯಿಗೆ ಬಂದಿಳಿದರು. ಮೊದಲ ಮಹಾಯುದ್ಧ ಬಂದಾಗ, 1914ರಲ್ಲಿ, ಭಾರತದಲ್ಲೇ ದಾದಿಯರನ್ನು ಸೇರಿಸಿಕೊಳ್ಳಲಾಯಿತು. ಆ ನೇಮಕ ತಾತ್ಕಾಲಿಕ. 1926ರ ಅಕ್ಟೋಬರ್ 1ರಂದು ಅದು ಕಾಯಂ ಸೇವೆಯಾಯಿತು. ಸೇನಾ ಶುಶ್ರೂಷಾ ಸೇವೆ ಇವತ್ತಿಗೂ ತನ್ನ ಹುಟ್ಟುಹಬ್ಬವನ್ನು ಅಕ್ಟೋಬರ್ 1ರಂದೇ ಆಚರಿಸುತ್ತದೆ. ಎರಡನೇ ಮಹಾಯುದ್ಧದ ನಡುವೆ, 1943ರ ಸೆಪ್ಟೆಂಬರಿನಲ್ಲಿ, ಒಂದು ಸುಗ್ರೀವಾಜ್ಞೆಯ ಮೂಲಕ ದಾದಿಯರು ಸೈನ್ಯದ ಅಂಗವಾದರು, ಅಧಿಕಾರಿಗಳ ದರ್ಜೆ ಪಡೆದರು. ಬರ್ಮಾ, ಸಿಂಗಪುರ, ಈಜಿಪ್ಟ್, ಇಟಲಿಯವರೆಗೆ ಭಾರತದ ದಾದಿಯರು ಹೋದರು. ಆಗ ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ಗಾಯಾಳುಗಳಿಗಾಗಿ ಸೇನಾ ಆಸ್ಪತ್ರೆಗಳ ಒಂದು ಊರೇ ಎದ್ದಿತ್ತು.

ಆ ವರ್ಷಗಳು ನಮ್ಮ ಸೀಮೆಗೆ ಬೇರೆಯದೇ ಕಾರಣಕ್ಕೆ ನೆನಪಿವೆ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ತಾನೇ ಸ್ವತಂತ್ರ ಎಂದು ಸಾರಿಕೊಂಡಿತು. 1943ರ ಮಾರ್ಚಿನಲ್ಲಿ ಆ ಊರಿನ ಐವರನ್ನು ಗಲ್ಲಿಗೇರಿಸಿದರು. ಈಸೂರಿನ ಮನೆಗಳಲ್ಲಿ ಸೂತಕವಿದ್ದ ಅದೇ ವರ್ಷ ಭಾರತದ ದಾದಿಯರು ಬ್ರಿಟಿಷ್ ಬಾವುಟದ ಕೆಳಗಿನ ಸೈನಿಕರ ಗಾಯ ತೊಳೆಯುತ್ತಿದ್ದರು. ಹಾಗಾದರೆ ಅವರ ಸೇವೆಯನ್ನು ನಾವು ಹೇಗೆ ನೋಡಬೇಕು? ನನಗೆ ಇದರಲ್ಲಿ ಗೊಂದಲವಿಲ್ಲ. ಬರ್ಮಾದ ಕಾಡಿನಲ್ಲಿ ಮಲೇರಿಯಾದಿಂದ ನಡುಗುತ್ತಿದ್ದ ಹುಡುಗ ಪಂಜಾಬಿನ, ತಮಿಳುನಾಡಿನ, ನಮ್ಮದೇ ಮೈಸೂರು ಸೀಮೆಯ ರೈತನ ಮಗ. ಅದೇ ಯುದ್ಧದಲ್ಲಿ ಆಚೆ ದಡದಲ್ಲಿ ನಿಂತ ಸುಭಾಷರ ಆಜಾದ್ ಹಿಂದ್ ಫೌಜಿನಲ್ಲೂ, ಡಾಕ್ಟರ್ ಆಗಿದ್ದ ಕ್ಯಾಪ್ಟನ್ ಲಕ್ಷ್ಮಿ ನಡೆಸಿದ ಝಾನ್ಸಿ ರಾಣಿ ರೆಜಿಮೆಂಟಿಗೆ ದಾದಿಯರದೇ ಒಂದು ದಳವಿತ್ತು. ಅದರ ಹೆಸರು ಚಾಂದ್ ಬೀಬಿ ದಳ. ಆದಿಲ್‌ಶಾಹಿ ವಿಜಯಪುರವನ್ನು ಆಳಿದ ನಮ್ಮ ಚಾಂದ್ ಬೀಬಿಯೇ ಅವಳು. ಗಡಿಯ ಈಚೆಗೂ ಆಚೆಗೂ ಗಾಯ ಒಂದೇ, ಅದನ್ನು ತೊಳೆಯುವ ಕೈಯೂ ಒಂದೇ ಬಗೆಯದು.

ದಾದಿಗೆ ಕೆಂಪು ಶಿಲುಬೆಯ ಗುರುತೇ ಗುರಾಣಿ ಎಂದು ನಾವು ನಂಬುತ್ತೇವೆ. ಇತಿಹಾಸ ಹಾಗೆ ಹೇಳುವುದಿಲ್ಲ. ಬ್ರಸೆಲ್ಸ್‌ನಲ್ಲಿ ಎರಡೂ ಕಡೆಯ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ಎಡಿತ್ ಕ್ಯಾವೆಲ್ ಎಂಬ ಮೇಟ್ರನ್, ಮಿತ್ರಪಕ್ಷದ ಸೈನಿಕರಿಗೆ ತಪ್ಪಿಸಿಕೊಂಡು ಹೋಗಲು ನೆರವಾದರೆಂದು ಜರ್ಮನ್ನರು 1915ರ ಅಕ್ಟೋಬರ್ 12ರಂದು ಅವರನ್ನು ಗುಂಡಿಟ್ಟು ಕೊಂದರು. 1942ರ ಫೆಬ್ರವರಿಯಲ್ಲಿ ಸಿಂಗಪುರ ಬೀಳುವ ಹೊತ್ತಿಗೆ 65 ಮಂದಿ ಆಸ್ಟ್ರೇಲಿಯಾದ ದಾದಿಯರನ್ನು ಹೊತ್ತು ಹೊರಟ ‘ವೈನರ್ ಬ್ರೂಕ್’ ಹಡಗು ಬಾಂಬಿಗೆ ಮುಳುಗಿತು. ಬಾಂಕಾ ದ್ವೀಪದ ದಡ ಸೇರಿದವರಲ್ಲಿ 22 ದಾದಿಯರನ್ನು ಜಪಾನಿ ಸೈನಿಕರು ಸಮುದ್ರದೊಳಕ್ಕೆ ನಡೆಸಿ ಹಿಂದಿನಿಂದ ಗುಂಡು ಹಾರಿಸಿದರು. 21 ಮಂದಿ ಸತ್ತರು. ಆ ದಾದಿಯರಲ್ಲಿ, ಸತ್ತಂತೆ ನೀರಿನಲ್ಲಿ ತೇಲಿ ಉಳಿದ ವಿವಿಯನ್ ಬುಲ್‌ವಿಂಕೆಲ್ ಒಬ್ಬರೇ ಆ ಕಥೆ ಹೇಳಲು ಬದುಕಿದರು. ಅದೂ ಮೂರೂವರೆ ವರ್ಷ ಸೆರೆಯಲ್ಲಿ ಕಳೆದ ಮೇಲೆ.

ಇವೆಲ್ಲ ದೂರದ ಕಥೆ ಎನ್ನಿಸಬಹುದು. ನಮ್ಮ ಕಡಲಿನ ಮಗ್ಗುಲಿನದೇ ಒಂದಿದೆ. 1944ರ ಫೆಬ್ರವರಿ 12ರಂದು ಮೊಂಬಾಸಾದಿಂದ ಕೊಲಂಬೊಗೆ ಬರುತ್ತಿದ್ದ ‘ಖೆಡೀವ್ ಇಸ್ಮಾಯಿಲ್’ ಹಡಗನ್ನು ಮಾಲ್ಡೀವ್ಸ್ ಹತ್ತಿರ ಜಪಾನಿನ ಜಲಾಂತರ್ಗಾಮಿ ಹೊಡೆಯಿತು. ಕೆಲವೇ ನಿಮಿಷದಲ್ಲಿ ಹಡಗು ಮುಳುಗಿತು. ಸುಮಾರು 1,300 ಜನ ಸತ್ತರು. ಅವರಲ್ಲಿ 77 ಹೆಂಗಸರು, ಬಹುಪಾಲು ಸೇನಾ ದಾದಿಯರು. ನಮ್ಮ ಕಾರವಾರ, ಮಂಗಳೂರಿನ ದಡಕ್ಕೆ ಬಡಿಯುವ ಅದೇ ಕಡಲಿನ ಕೆಳಗೆ ಅವರು ಮಲಗಿದ್ದಾರೆ. ಆ ದುರಂತದ ಹೆಸರು ನಮ್ಮ ಪಠ್ಯಪುಸ್ತಕದಲ್ಲಿ ನಾನು ಓದಲೇ ಇಲ್ಲ.

ಸಾವು ಮಾತ್ರ ತ್ಯಾಗ ಎಂದುಕೊಂಡರೆ ಈ ವಿಷಯ ಅರ್ಧ ತಿಳಿದಂತೆ. ಸಾಯದೆ ಕೊಟ್ಟದ್ದೂ ಇದೆ. ಅದರ ಅತಿ ಕಠಿಣ ಉದಾಹರಣೆ ಸ್ವತಂತ್ರ ಭಾರತದ್ದೇ. 1977ರ ಸೇನಾ ನಿಯಮವೊಂದು ಸೇನಾ ದಾದಿಯನ್ನು ಯಾವಾಗ ಕೆಲಸದಿಂದ ಬಿಡಿಸಬಹುದು ಎಂದು ಪಟ್ಟಿ ಮಾಡಿತ್ತು: ವೈದ್ಯಕೀಯ ಮಂಡಳಿ ಅನರ್ಹಳೆಂದರೆ, ದುರ್ನಡತೆ ತೋರಿದರೆ, ಮದುವೆಯಾದರೆ. ಕಾಯಿಲೆ, ದುರ್ನಡತೆಗಳ ಸಾಲಿನಲ್ಲೇ ಮದುವೆ! ಲೆಫ್ಟಿನೆಂಟ್ ಸೆಲೀನಾ ಜಾನ್ ಅವರು ಒಬ್ಬ ಸೇನಾಧಿಕಾರಿಯನ್ನು ಮದುವೆಯಾದರು. 1988ರಲ್ಲಿ ಅವರನ್ನು ಸೇವೆಯಿಂದ ಬಿಡಿಸಲಾಯಿತು. ಗಂಡನ ಕೆಲಸಕ್ಕೆ ಏನೂ ಆಗಲಿಲ್ಲ, ಏಕೆಂದರೆ ನಿಯಮ ಹೆಂಗಸರಿಗೆ ಮಾತ್ರ. ಆ ನಿಯಮ 1995ರಲ್ಲಿ ರದ್ದಾಯಿತು. ಆದರೆ ಅವರಿಗೆ ನ್ಯಾಯ ಸಿಕ್ಕಿದ್ದು 2024ರ ಫೆಬ್ರವರಿ 14ರಂದು. ಮದುವೆಯಾದಳೆಂದು ಕೆಲಸ ಕಸಿಯುವುದು ಒರಟು ಲಿಂಗತಾರತಮ್ಯ, ಮನುಷ್ಯ ಘನತೆಗೆ ಧಕ್ಕೆ ಎಂದು ಸುಪ್ರೀಂ ಕೋರ್ಟ್ ಹೇಳಿತು, 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನಡುವೆ ಕಳೆದದ್ದು 36 ವರ್ಷ.

ಅಂದರೆ ಹಲವು ವರ್ಷಗಳ ಕಾಲ ನಮ್ಮ ಸೇನಾ ಆಸ್ಪತ್ರೆಯ ಹೆಣ್ಣುಮಗಳ ಮುಂದೆ ಎರಡೇ ದಾರಿ ಇದ್ದವು, ವಾರ್ಡು ಅಥವಾ ಮನೆ. ನನ್ನ ಮಾವನ ಸಿಸ್ಟರ್ ಮದುವೆಯಾಗಿದ್ದರೇ ಇಲ್ಲವೇ, 1977ರಲ್ಲಿ ಆ ನಿಯಮ ಬಂದಾಗ ಸೇವೆಯಲ್ಲಿದ್ದರೇ ಇಲ್ಲವೇ, ನನಗೆ ಗೊತ್ತಿಲ್ಲ. ಆದರೆ ಬೇರೆಯವರ ಮಕ್ಕಳ ಬಗ್ಗೆ ಬೇರೆಯವರ ತಾಯಂದಿರಿಗೆ ಕಾಗದ ಬರೆಯುತ್ತ ಆಕೆ ಕಳೆದ ರಾತ್ರಿಗಳನ್ನು ನೆನೆದಾಗಲೆಲ್ಲ ಈ ನಿಯಮ ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇದೇ ಸೇವೆಯಿಂದ ಸ್ವತಂತ್ರ ಭಾರತದ ಮೊದಲ ಮಹಿಳಾ ಜನರಲ್ ಬಂದರು ಎಂಬುದನ್ನೂ ಹೇಳಬೇಕು. 1976ರಲ್ಲಿ ಗರ್ಟ್ರೂಡ್ ಅಲಿಸ್ ರಾಮ್ ಮೇಜರ್ ಜನರಲ್ ಆದರು. ಆಗ ಭಾರತದ ಸೈನ್ಯದಲ್ಲಿ ಯಾವ ಹೆಂಗಸೂ ಆ ಎತ್ತರಕ್ಕೆ ಏರಿರಲಿಲ್ಲ. ಏರಿದ ಮೊದಲಿಗರು ದಾದಿ. ಆದರೂ ದಾದಿಯ ಕೆಲಸ ಕಣ್ಣಿಗೆ ಬೀಳುವುದಿಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ನಾವು 527 ಯೋಧರನ್ನು ಕಳೆದುಕೊಂಡೆವು. ಗಾಯಗೊಂಡವರು 1,300ಕ್ಕೂ ಹೆಚ್ಚು. ಸತ್ತವರ ಹೆಸರುಗಳು ದ್ರಾಸ್‌ನ ಸ್ಮಾರಕದ ಗೋಡೆಯ ಮೇಲಿವೆ, ಇರಲೇಬೇಕು. ಗಾಯಗೊಂಡ ಅಷ್ಟೊಂದು ಜನ ಎಲ್ಲಿ ಹೋದರು? ಶ್ರೀನಗರದ 92 ಬೇಸ್ ಆಸ್ಪತ್ರೆಯಂಥ ಕಡೆಗಳಲ್ಲಿ ದಾದಿಯರು ಹಗಲು ರಾತ್ರಿ ಸ್ಟ್ರೆಚರ್ ಇಳಿಸಿಕೊಂಡು, ಗಾಯ ತೊಳೆದು, ಕಟ್ಟಿ, ಉಣಿಸಿ, ನಡೆಯಲು ಕಲಿಸಿ, ಅವರನ್ನು ಅವರವರ ಊರಿಗೆ ಕಳಿಸಿದರು. ಆ ಗಾಯಾಳುಗಳು ಇವತ್ತು ಎಲ್ಲೋ ಟ್ರ್ಯಾಕ್ಟರ್ ಓಡಿಸುತ್ತಿದ್ದಾರೆ, ಮಗಳ ಮದುವೆ ಮಾಡುತ್ತಿದ್ದಾರೆ. ದಾದಿಯ ಗೆಲುವಿಗೆ ಸ್ಮಾರಕ ಕಟ್ಟುವುದು ಕಷ್ಟ, ಏಕೆಂದರೆ ಅವಳ ಗೆಲುವು ಎದ್ದು ಮನೆಗೆ ನಡೆದುಹೋಗುತ್ತದೆ.

ಕಷ್ಟ, ಆದರೆ ಅಸಾಧ್ಯವಲ್ಲ. ಅಮೆರಿಕದ ವಾಷಿಂಗ್ಟನ್ನಿನಲ್ಲಿ 1993ರಲ್ಲಿ ವಿಯೆಟ್ನಾಂ ಯುದ್ಧದ ಮಹಿಳೆಯರಿಗಾಗಿ ಒಂದು ಕಂಚಿನ ಶಿಲ್ಪ ನಿಲ್ಲಿಸಿದರು. ಅದರಲ್ಲಿ ಒಬ್ಬ ಗಾಯಾಳು ದಾದಿಯ ತೊಡೆಯ ಮೇಲೆ ಒರಗಿದ್ದಾನೆ. ನಮ್ಮ ವೀರಗಲ್ಲಿನ ಮೊದಲ ಎರಡು ಪಟ್ಟಿಕೆಗಳ ನಡುವೆ ಬಿಟ್ಟುಹೋದ ಚಿತ್ರ ಅದೇ. 2023ರ ಆಗಸ್ಟಿನಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿ ಬುಲ್‌ವಿಂಕೆಲ್ ಅವರ ಪ್ರತಿಮೆ ನಿಂತಿತು. ಅದೇ ಆಗಸ್ಟಿನಲ್ಲಿ ನಮ್ಮ ಪಂಚಾಯಿತಿಗಳಲ್ಲಿ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನದ ಶಿಲಾಫಲಕಗಳು ನಿಂತವು, ಊರಿನ ವೀರರ ಹೆಸರು ಕೆತ್ತಲೆಂದು. ಅವು ನಮ್ಮ ಕಾಲದ ವೀರಗಲ್ಲುಗಳು. ನಿಮ್ಮ ಊರಿನ ಫಲಕದ ಮುಂದೆ ಒಮ್ಮೆ ನಿಂತು ನೋಡಿ. ಅದರಲ್ಲಿ ಸೈನ್ಯದ ಆಸ್ಪತ್ರೆಯಲ್ಲಿ ದುಡಿದ ಒಬ್ಬ ಹೆಣ್ಣುಮಗಳ ಹೆಸರಾದರೂ ಇದೆಯೇ?

ಆರೈಕೆಯನ್ನು ಕಲ್ಲಿನಲ್ಲಿ ನೆನೆಯುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವೆಗೆ ಬನ್ನಿ. ಅಲ್ಲಮನ ಊರು, ಕೇದಾರೇಶ್ವರನ ಗುಡಿ. ಅಲ್ಲಿದ್ದ ಕೋಡಿಯ ಮಠವನ್ನು ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನ ಬಣ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುವ ಜಾಗವದು ಎಂದು ಮೊದಲು ಹೇಳುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಬಡವರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುವ ಜಾಗ, ದಿಕ್ಕಿಲ್ಲದ ನಾನಾ ರೋಗಿಗಳಿಗೆ ಔಷಧ ಸಿಗುವ ಜಾಗ, ಎಲ್ಲ ಜೀವಿಗಳಿಗೂ ಅಭಯ ಸಿಗುವ ಜಾಗ ಎಂದೂ ಬರೆಸಿದ್ದಾರೆ. ಇದು ಯಾರೋ ಕಾಳಗದಲ್ಲಿ ಗೆದ್ದ ಸುದ್ದಿಯಲ್ಲ. ರೋಗಿಗೆ ಮದ್ದು ಕೊಟ್ಟದ್ದನ್ನೂ ಕಲ್ಲಿನಲ್ಲಿ ಕೆತ್ತುವಷ್ಟು ದೊಡ್ಡ ಕೆಲಸ ಎಂದು ಎಂಟೂವರೆ ಶತಮಾನದ ಹಿಂದೆ ಈ ಸೀಮೆ ತಿಳಿದಿತ್ತು. ವೀರಗಲ್ಲು ಮರೆತದ್ದನ್ನು ಕೋಡಿಮಠದ ಕಲ್ಲು ನೆನಪಿಟ್ಟಿದೆ. ಎರಡೂ ನಮ್ಮವೇ. ಎರಡನ್ನೂ ಒಟ್ಟಿಗೆ ಓದಿದರೆ ಕಥೆ ಪೂರ್ಣವಾಗುತ್ತದೆ.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಒಂದು ಮಾತು. ಸೈನ್ಯ ಎಂದರೆ ಬಂದೂಕು ಮಾತ್ರ ಎಂದುಕೊಂಡು ಎಷ್ಟೋ ಮಂದಿ ಈ ದಾರಿಯ ಸುದ್ದಿಯನ್ನೇ ಕೇಳಿರುವುದಿಲ್ಲ. ಸೇನೆಯ ವೈದ್ಯಕೀಯ ವಿಭಾಗ ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್ ಕಲಿಸುವ ಕಾಲೇಜುಗಳನ್ನು ನಡೆಸುತ್ತದೆ: ಪುಣೆ, ಕೋಲ್ಕತ್ತ, ಮುಂಬೈ, ದೆಹಲಿ, ಲಖನೌ, ಮತ್ತು ನಮ್ಮ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಮಾಂಡ್ ಆಸ್ಪತ್ರೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿ ನೀಟ್ ಬರೆದವರು ಅರ್ಜಿ ಹಾಕಬಹುದು. ಓದು ಮುಗಿದ ಮೇಲೆ ಲೆಫ್ಟಿನೆಂಟ್ ಆಗಿ ಸೇವೆಗೆ ಸೇರುತ್ತಾರೆ. ಶಿಕಾರಿಪುರದ, ಸೊರಬದ ಪಿಯು ಕಾಲೇಜುಗಳಲ್ಲಿ ವಿಜ್ಞಾನ ಓದುವ ಹುಡುಗಿಯರಿಗೆ ಉಪನ್ಯಾಸಕರು ಈ ಮಾಹಿತಿಯನ್ನು ಒಮ್ಮೆ ಕರಿಹಲಗೆಯ ಮೇಲೆ ಬರೆದು ತೋರಿಸಿದರೆ ಸಾಕು. ಮಗಳನ್ನು ಅಷ್ಟು ದೂರ ಹೇಗೆ ಕಳಿಸುವುದು ಎಂಬ ತಾಯಿಯ ಭಯ ನನಗೆ ಅರ್ಥವಾಗುತ್ತದೆ. ನನ್ನ ಅಜ್ಜಿಗೂ ಮಗನನ್ನು ಕಳಿಸುವಾಗ ಅದೇ ಭಯವಿತ್ತು. ಆ ಭಯವನ್ನು ಇಳಿಸಿದ್ದು ಇನ್ಯಾರದೋ ಮನೆಯ ಮಗಳು.

ನಿವೃತ್ತರಾಗಿ ಊರಿಗೆ ಬಂದು ನೆಲೆಸಿರುವ ಸೇನಾ ದಾದಿ ನಿಮ್ಮ ಸುತ್ತಮುತ್ತ ಇದ್ದರೆ, ಬರುವ ಅಕ್ಟೋಬರ್ 1ರಂದು ಅವರ ಮನೆಗೆ ಹೋಗಿ. ಹಾರ ತುರಾಯಿ ಬೇಡ. ಎಲ್ಲೆಲ್ಲಿ ಕೆಲಸ ಮಾಡಿದಿರಿ, ಯಾವ ವಾರ್ಡು, ಯಾವ ವರ್ಷ ಎಂದು ಕೇಳಿ ಬರೆದುಕೊಳ್ಳಿ. ಪಂಚಾಯಿತಿಯ ಫಲಕಕ್ಕೆ ಒಂದು ಸಾಲು ಸೇರಿಸಲು ಅರ್ಜಿ ಕೊಡಿ. ಎಲ್ಲಕ್ಕಿಂತ ಮೊದಲು ಅವರ ಹೆಸರು ಕೇಳಿ, ಪೂರ್ತಿ ಹೆಸರು.

ನನ್ನ ಮಾವ ಕೇಳಲಿಲ್ಲ. ಕೊನೆಯವರೆಗೂ ಅದೊಂದು ಕೊರಗು ಅವರಿಗಿತ್ತು. ಆ ಇನ್‌ಲ್ಯಾಂಡ್ ಲೆಟರಿನ ಮಡಿಕೆಗಳು ಈಗ ಹರಿಯುತ್ತಿವೆ, ನೀಲಿ ಬಣ್ಣ ಮಾಸಿದೆ. ಮಗ ನಿದ್ದೆ ಮಾಡಿದ ಎಂದು ಆ ತಾಯಿಗೆ ತಿಳಿಸಲು ತಾನು ನಿದ್ದೆಗೆಟ್ಟವಳ ಅಕ್ಷರ ಇನ್ನೂ ಸ್ಪಷ್ಟವಾಗಿದೆ. ಅದರ ಕೆಳಗೆ ಹೆಸರಿನ ಜಾಗ ಮಾತ್ರ ಖಾಲಿ.